ತಾಳೆರಾಯರ ರೆಪ್ಪೆ

ದೇವರು ಒಬ್ಬೊಬ್ಬರಿಗೆ ಒಂದೊಂದನ್ನು ಕೈಬಿಚ್ಚಿ ಕೊಡುತ್ತಾನೆ. ದಾಖಲೆ ಕಚೇರಿಯ ತಾಳೆರಾಯರಿಗೆ ಕೊಟ್ಟದ್ದು ಕಣ್ಣಿನ ರೆಪ್ಪೆ. ಕೊಡುವಾಗ ಅಳತೆ ತಪ್ಪಿತೋ ಏನೋ, ಇಬ್ಬರಿಗಾಗುವಷ್ಟು ಚರ್ಮ ಒಬ್ಬರ ಕಣ್ಣಿನ ಮೇಲೆ ಬಿತ್ತು. ಮಳೆಯಲ್ಲಿ ತೊಯ್ದ ಅಂಗಡಿಯ ಪರದೆಯ ಹಾಗೆ ಅದು ಜೋಲುತ್ತಿತ್ತು.

ತಾಳೆರಾಯರು ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಹಳೆಯ ದಾಖಲೆಗೂ ಅದರ ನಕಲಿಗೂ ತಾಳೆ ನೋಡುವುದು ಅವರ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿ, ಕೆಲಸವೇ ಹೆಸರಾಗಿತ್ತು. ಅಷ್ಟು ವರ್ಷದಲ್ಲಿ ಕಚೇರಿಯಲ್ಲಿ ಒಂದು ಗಳಿಗೆಯೂ ನಿದ್ದೆ ಮಾಡಿದವರಲ್ಲ. ಆದರೆ ನೋಡಿದವರು ನಂಬಬೇಕಲ್ಲ? ಹಳೆಯ ಸಾಹೇಬರು ನಕ್ಕು ಸುಮ್ಮನಾಗುತ್ತಿದ್ದರು. ಹೊಸ ಸಾಹೇಬರು ಬಂದ ಮೂರನೆಯ ದಿನವೇ ನೋಟಿಸು ಕೊಟ್ಟರು. ಕೆಲಸದ ವೇಳೆಯಲ್ಲಿ ನಿದ್ರಿಸುತ್ತಿದ್ದೀರಿ, ಇಂಥ ದಿನ ಮಧ್ಯಾಹ್ನ ಮೂರಕ್ಕೆ ಖುದ್ದು ಬಂದು ಸಮಜಾಯಿಷಿ ಕೊಡತಕ್ಕದ್ದು, ತಪ್ಪಿದರೆ ನೆಲಮಾಳಿಗೆಯ ಉಗ್ರಾಣಕ್ಕೆ ವರ್ಗ.

ನೆಲಮಾಳಿಗೆಯೆಂದರೆ ಗೆದ್ದಲು, ಇಲಿ ಮತ್ತು ಒಂದೇ ಒಂದು ಬಲ್ಬು. ಅಲ್ಲಿಗೆ ಇಳಿದವರು ಕೆಮ್ಮುತ್ತಾ ನಿವೃತ್ತಿಯಾಗಿಯೇ ಮೇಲೆ ಬಂದದ್ದು. ರಾಯರು ಹೆದರಿ, ಯಾರಿಗೂ ಕಾರಣ ಹೇಳದೆ ರಜೆ ಹಾಕಿ, ಡಾಕ್ಟರ ಬಳಿ ಹೋಗಿ ಹೆಚ್ಚಿನ ಚರ್ಮವನ್ನು ತೆಗೆಸಿಯೇಬಿಟ್ಟರು.

ಡಾಕ್ಟರು ಎಲ್ಲವನ್ನೂ ಮೊದಲೇ ಹೇಳಿದ್ದರು. ಹದಿನೈದು ದಿನ ಬಾವು ಇರುತ್ತದೆ. ಬಣ್ಣ ಮೊದಲು ನೇರಳೆ, ಆಮೇಲೆ ಹಸಿರು, ಕೊನೆಗೆ ಹಳದಿ. ಸುಮ್ಮಸುಮ್ಮನೆ ನೀರು ಸುರಿಯುತ್ತದೆ. ಬಗ್ಗಬಾರದು, ಉಜ್ಜಬಾರದು, ತಲೆ ಎತ್ತರಿಸಿ ಮಲಗಬೇಕು. ಕೆಲವು ದಿನ ರೆಪ್ಪೆ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಗಾಬರಿ ಬೇಡ. ಊರಿನ ಬಾಯಿಯ ವಿಷಯ ಮಾತ್ರ ಅವರು ಹೇಳಿರಲಿಲ್ಲ, ಅದು ಅವರ ಓದಿನಲ್ಲಿ ಬರುವುದಿಲ್ಲ.

ವಿಚಾರಣೆಯ ದಿನ ಬಂತು. ಆಪರೇಷನ್ ಆಗಿ ಒಂಬತ್ತನೆಯ ದಿನ. ಮೂರು ದಿಂಬು ಪೇರಿಸಿಕೊಂಡು ಗೋಡೆಗೆ ಒರಗಿ ಕಳೆದ ಒಂಬತ್ತು ರಾತ್ರಿಯೂ ರಾಯರಿಗೆ ಸರಿಯಾಗಿ ನಿದ್ದೆ ಹತ್ತಿರಲಿಲ್ಲ. ಕನ್ನಡಿ ನೋಡಿದರೆ ಬಾವಿಯೊಳಗಿಂದ ಯಾರೋ ಇಣುಕಿದಂತೆ ಎರಡು ದುಂಡು ಕಣ್ಣು. ‘ಇವನು ಯಾರು?’ ಎಂದುಕೊಂಡು ಅವರು ಒಮ್ಮೆ ಹಿಂತಿರುಗಿಯೂ ನೋಡಿದರು.

ಬಾಗಿಲು ದಾಟುತ್ತಲೇ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಸಿಕ್ಕಿದರು. ಇನ್ನೂ ನೇರಳೆ ಬಿಡದ ಕಣ್ಣನ್ನು ನೋಡಿದರು, ಹಿಂದೆ ನಿಂತ ರಾಯರ ಹೆಂಡತಿಯನ್ನು ನೋಡಿದರು.

“ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ ಕಣಮ್ಮಾ. ನೀನು ಊಟಕ್ಕೂ ಬಿಟ್ಟ ಹಾಗೆ ಕಾಣೋದಿಲ್ಲ.”

“ನಾನಲ್ಲ ಮೇಷ್ಟ್ರೇ, ಡಾಕ್ಟರು,” ಎಂದಳು ಆಕೆ.

“ಡಾಕ್ಟರನ್ನೂ ಕರೆಸಿದ್ದೆಯಾ?” ಎಂದು ಮೇಷ್ಟ್ರು ಇನ್ನೂ ನೊಂದುಕೊಂಡರು. ಸಂಜೆ ಬಂದು ಇಬ್ಬರಿಗೂ ಬುದ್ಧಿ ಹೇಳುತ್ತೇನೆಂದು ಮಾತು ಕೊಟ್ಟೇ ಅವರು ದಾರಿ ಬಿಟ್ಟದ್ದು.

ಕಚೇರಿಯಲ್ಲಿ ಬೇರೆ ಕತೆ. ಟೈಪಿಸ್ಟ್ ಅಮ್ಮ ತಾವು ನೋಡಿ ಒಪ್ಪಿಕೊಂಡಿದ್ದ ಬಾಡಿಗೆ ಮನೆಯ ವರ್ಣನೆ ಮಾಡುತ್ತಿದ್ದರು. ಗಾಳಿ, ಬೆಳಕು, ಮಹಡಿ, ಒಳ್ಳೆಯ ಮಾಲೀಕರು. ರಾಯರು ಸುಮ್ಮನೆ ಕೇಳುತ್ತಿದ್ದರು. ಆದರೆ ಆ ಕಣ್ಣು ಸುಮ್ಮನಿರಬೇಕಲ್ಲ? ಹೆಣ ಎದ್ದು ಕೂತದ್ದನ್ನು ಕಂಡ ಹಾಗೆ ಅರಳಿಕೊಂಡಿತ್ತು.

“ಯಾಕೆ ರಾಯರೇ ಹಾಗೆ ನೋಡ್ತೀರಿ? ಆ ಮನೇಲಿ ಏನಾಗಿತ್ತು?”

“ನನಗೇನು ಗೊತ್ತಮ್ಮಾ, ನಾನು ನೋಡೇ ಇಲ್ಲ.”

ಅಷ್ಟು ಹೊತ್ತಿಗೆ ಡಾಕ್ಟರು ಹೇಳಿದ್ದ ನೀರು ಎರಡೂ ಕಣ್ಣಿಂದ ಇಳಿಯಿತು. ಟೈಪಿಸ್ಟ್ ಅಮ್ಮ ನೇರ ಹೋಗಿ ಮನೆ ಬೇಡವೆಂದು ಮಾಲೀಕರಿಗೆ ಫೋನು ಮಾಡಿದರು. ಜವಾನ ಅದನ್ನು ಕೇಳಿ, ಆ ಮನೆಯಲ್ಲಿ ಸತ್ತವರು ರಾಯರ ಹತ್ತಿರದ ಸಂಬಂಧಿಯಂತೆ ಎಂದು ಮಹಡಿಯಿಂದ ಮಹಡಿಗೆ ಸುದ್ದಿ ಹೊತ್ತ. ಮಧ್ಯಾಹ್ನದೊಳಗೆ ಹನ್ನೊಂದು ಜನ ಬಂದು ರಾಯರ ಕೈ ಹಿಡಿದು ಸಮಾಧಾನ ಹೇಳಿಹೋದರು. ಸತ್ತವರು ಯಾರೆಂದು ರಾಯರು ಕೇಳಿದ್ದಕ್ಕೆ ಅವರೆಲ್ಲ ಇನ್ನಷ್ಟು ಮರುಗಿದರು.

ಮೂರು ಗಂಟೆಗೆ ಸಾಹೇಬರ ಕರೆ ಬಂತು. ಒಳಗೆ ಮೆತ್ತನೆಯ ಕುರ್ಚಿ, ತಣ್ಣನೆ ಗಾಳಿ ಬೀಸುವ ಫ್ಯಾನು. ತೂಕಡಿಸುವವನಿಗೆ ಹಾಸಿಗೆ ಹಾಸಿಕೊಟ್ಟಂತಾಯಿತು. ಸಾಹೇಬರು ಎಚ್ಚರದ ಮಹತ್ವದ ಬಗ್ಗೆ ಉಪನ್ಯಾಸ ತೊಡಗಿದರು. ದನಿ ಹದವಾಗಿ, ಒಂದೇ ಶ್ರುತಿಯಲ್ಲಿ, ಜೋಗುಳದಂತೆ ಹರಿಯಿತು. ಒಂಬತ್ತು ರಾತ್ರಿಯ ನಿದ್ದೆ ಒಟ್ಟಿಗೆ ಬಂದು ರಾಯರ ಹೆಗಲ ಮೇಲೆ ಕೈಯಿಟ್ಟಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಅವರು ಕಚೇರಿಯಲ್ಲಿ ನಿದ್ದೆಹೋದರು. ಮುಚ್ಚಲಾರದ ಕಣ್ಣು ಮಾತ್ರ ಸಾಹೇಬರ ಮುಖದ ಮೇಲೇ ಇತ್ತು.

ಠಪ್ಪೆಂದು ಪುಸ್ತಕ ಮುಚ್ಚಿದ ಸದ್ದಿಗೆ ಎಚ್ಚರವಾಯಿತು. ಸಾಹೇಬರು ಎದ್ದು ನಿಂತು ಕೈ ಚಾಚಿದ್ದರು.

“ನನ್ನ ಮಾತನ್ನ ಇಷ್ಟು ಗಮನ ಇಟ್ಟು ಕೇಳಿದವರು ನೀವೊಬ್ಬರೇ. ಹೋಗಿ ಬನ್ನಿ, ಉಳಿದದ್ದು ಕಾಗದದಲ್ಲಿ ಬರುತ್ತೆ.”

ರಾಯರು ದೇವರಿಗೆ ಮನಸ್ಸಿನಲ್ಲೇ ಕೈಮುಗಿದು ಹೊರಬಂದರು. ಏನು ನಡೆಯಿತೆಂದು ತಿಳಿಯದಿದ್ದರೂ ನಡೆದದ್ದು ಒಳ್ಳೆಯದೇ ಎನಿಸಿತು.

ಅರ್ಧ ಗಂಟೆಯಲ್ಲಿ ಜವಾನ ಲಕೋಟೆಗಳ ಕಟ್ಟು ಹೊತ್ತು ಬಂದ. ಪ್ರತಿ ಮೇಜಿಗೆ ಒಂದೊಂದು. ಒಡೆದವರೆಲ್ಲ ಒಬ್ಬೊಬ್ಬರಾಗಿ ರಾಯರ ಕಡೆ ತಿರುಗಿದರು.

“ನಾನು ಮಲಗ್ತೀನಿ ಅಂತ ಹೇಳಿದ್ರಾ ರಾಯರೇ? ಬಾಯಿ ತುಂಬ ನಿಮ್ಮನ್ನ ಅಣ್ಣ ಅಂತಿದ್ದೆನಲ್ಲ,” ಎಂದರು ಟೈಪಿಸ್ಟ್ ಅಮ್ಮ.

ರಾಯರಿಗೆ ತಲೆಬುಡ ತಿಳಿಯಲಿಲ್ಲ. ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ್ದ ಜವಾನನೇ ಬಿಡಿಸಿ ಹೇಳಿದ. ಇಷ್ಟು ಎಚ್ಚರದ ಮನುಷ್ಯನಿಗೆ ಯಾರು ಯಾರು ಮಲಗುತ್ತಾರೆಂದು ಗೊತ್ತಿರಲೇಬೇಕು ಎಂದರಂತೆ ಸಾಹೇಬರು. ಹಾಜರಿ ಪುಸ್ತಕದ ಹೆಸರು ಒಂದೊಂದಾಗಿ ಓದುತ್ತೇನೆ, ಹೌದಾದರೆ ತಲೆಯಾಡಿಸಿ ಸಾಕು ಎಂದರಂತೆ. ರಾಯರು ಒಂದು ಹೆಸರನ್ನೂ ಬಿಡಲಿಲ್ಲವಂತೆ.

ಬಿಡುವುದಾದರೂ ಹೇಗೆ? ತಾಳೆ ನೋಡುವುದೆಂದರೆ ಹಾಗೆಯೇ. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಸಾಲು ಸಾಲಿಗೂ ಸರಿಯೆಂದು ತಲೆಯಾಡಿಸಬೇಕು. ಇಪ್ಪತ್ತೆರಡು ವರ್ಷದಲ್ಲಿ ರಾಯರ ಕುತ್ತಿಗೆ ಅದನ್ನು ಉಸಿರಾಟದಂತೆ ಕಲಿತುಬಿಟ್ಟಿತ್ತು.

“ಇದೊಂದು ಉಳೀತು, ನಿಮ್ಮದು,” ಎಂದು ಜವಾನ ಕಟ್ಟಕಡೆಯ ಲಕೋಟೆ ಚಾಚಿದ.

ರಾಯರ ಕಣ್ಣು ಮಂಜಾಗಿ ಅಕ್ಷರ ಕಾಣಲಿಲ್ಲ. ಟೈಪಿಸ್ಟ್ ಅಮ್ಮನೇ ಕಾಗದ ಕಿತ್ತುಕೊಂಡು, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದರು. ಪಟ್ಟಿಯಲ್ಲಿ ತಮ್ಮ ಹೆಸರು ಬಂದಾಗಲೂ ತಾವು ಹಿಂಜರಿಯದೆ ತಲೆಯಾಡಿಸಿದ್ದೀರಿ.

ರಾಯರು ತಲೆಯಾಡಿಸಿದರು.

ತಮ್ಮ ಪ್ರಾಮಾಣಿಕತೆಯನ್ನು ಮೆಚ್ಚಲಾಗಿದೆ, ತಪ್ಪೊಪ್ಪಿಗೆಯನ್ನು ಅಂಗೀಕರಿಸಲಾಗಿದೆ.

ತಲೆಯಾಡಿಸಿದರು.

ನಾಳೆಯಿಂದ ತಾವು ನೆಲಮಾಳಿಗೆಯ ಉಗ್ರಾಣದಲ್ಲಿ ಹಾಜರಾಗತಕ್ಕದ್ದು.

“ಸರಿಯಾಗಿದೆ,” ಎಂದರು ತಾಳೆರಾಯರು.