ಹದಿನಾಲ್ಕು ಕುರ್ಚಿಗಳ ನಿರ್ಧಾರ

ಅಧ್ಯಕ್ಷರು: ಕುರ್ಚಿ ಎಲ್ಲೇ?

ಟೈಲರಮ್ಮ: ಯಾವ ಕುರ್ಚಿ?

ಅಧ್ಯಕ್ಷರು: ಯಾವ ಕುರ್ಚಿ ಅಂದ್ರೆ? ಕೆಂಪು ಕುರ್ಚಿ ಹದಿನಾಲ್ಕು ಇದ್ವಲ್ಲ. ಊಟ ಮಾಡಿ ಒಂದು ನಿದ್ದೆ ತೆಗೆದು ಎದ್ದು ಬಂದ್ರೆ ಕೋಣೆ ಬಯಲಾಗಿದೆ. ಐದು ಗಂಟೆಗೆ ಸಭೆ ಇದೆ.

ಟೈಲರಮ್ಮ: ಅವು ಸೈಟಿಗೆ ಹೋದ್ವು.

ಅಧ್ಯಕ್ಷರು: ಯಾವ ಸೈಟಿಗೆ? ಸೈಟೇ ಇನ್ನೂ ನಿರ್ಧಾರ ಆಗಿಲ್ವಲ್ಲ.

ಟೈಲರಮ್ಮ: ನಿಮಗೆ ಆಗಿಲ್ಲ. ಕುರ್ಚಿಗಳಿಗೆ ಆಯ್ತು.

ಅಧ್ಯಕ್ಷರೆಂದರೆ ದೇಶದ್ದೋ ಸಂಘದ್ದೋ ಅಲ್ಲ, ಬಡಾವಣೆಯ ಸಮುದಾಯ ಭವನದ ಜಾಗ ಆಯ್ಕೆ ಸಮಿತಿಯದು. ಟೈಲರಮ್ಮನ ಗಂಡ ನಕ್ಷೆ ಬರೆಯುವ ಕೆಲಸದಿಂದ ನಿವೃತ್ತರಾದ ವಾರವೇ ನಗರಸಭೆಯ ಕಾಗದ ಬಂದಿತ್ತು: ಭವನ ಕಟ್ಟಿಕೊಡುತ್ತೇವೆ, ಈ ಮೂರು ಜಾಗಗಳಲ್ಲಿ ಒಂದನ್ನು ನೀವೇ ಆರಿಸಿ ಹೇಳಿ. ಹೇಳುವುದು ಅಷ್ಟು ಸುಲಭವಾಗಿದ್ದರೆ ಸಮಿತಿ ಯಾಕೆ ಬೇಕಿತ್ತು? ಸಮಿತಿ ಆಯಿತು, ಅದಕ್ಕೆ ಅವರೇ ಅಧ್ಯಕ್ಷರಾದರು, ಏನೇ ತೀರ್ಮಾನವಾದರೂ ಸರ್ವಾನುಮತದಿಂದಲೇ ಆಗಬೇಕೆಂಬ ನಿಯಮವೂ ಆಯಿತು. ಸಭೆ ಸೇರಲು ಭವನವಿಲ್ಲ, ಆದ್ದರಿಂದ ಭವನವಾಗುವ ತನಕ ಅಧ್ಯಕ್ಷರ ಮನೆಯ ಮುಂದಿನ ಕೋಣೆಯಲ್ಲೇ ಸೇರುವುದೆಂದು ಗೊತ್ತುಮಾಡಿದರು.

ಆ ಕೋಣೆಯ ದೊಡ್ಡ ಕಿಟಕಿಯ ಕೆಳಗೆ ಇಪ್ಪತ್ತು ವರ್ಷದಿಂದ ಟೈಲರಮ್ಮನ ಹೊಲಿಗೆ ಯಂತ್ರ ಇತ್ತು. ಅದನ್ನು ಎರಡು ವಾರದ ಮಟ್ಟಿಗೆ ಎಂದು ಹೇಳಿ ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಗೆ ತಳ್ಳಿದರು. ಆ ಎರಡು ವಾರಕ್ಕೆ ಈಗ ಎರಡು ವರ್ಷ ತುಂಬಿತ್ತು. ವಾರಕ್ಕೊಂದರಂತೆ ತೊಂಬತ್ತೈದು ಸಭೆ ಮುಗಿದಿದ್ದವು, ಅಷ್ಟೂ ಸಭೆಗೆ ಟೀ ಮಾಡಿದವಳು ಅವಳೇ. ಓಣಿಯಲ್ಲಿ ಹಗಲಿಗೂ ಟ್ಯೂಬ್‌ಲೈಟ್ ಬೇಕು. ಹೋದ ವಾರ ಶಾಲೆಯ ಸಮವಸ್ತ್ರ ಹೊಲಿಯುವಾಗ ಹನ್ನೊಂದು ಅಂಗಿಗಳ ಜೇಬು ಎಡಕ್ಕಿರಬೇಕಾದದ್ದು ಬಲಕ್ಕೆ ಹೋಯಿತು. ಇಷ್ಟು ವರ್ಷದಲ್ಲಿ ಅವಳ ಕೈಯಿಂದ ಅಂಥ ತಪ್ಪು ಆಗಿರಲಿಲ್ಲ. ಎರಡು ದಿನ ಕೂತು ಹೊಲಿಗೆ ಬಿಚ್ಚಿದಳು. ಕಣ್ಣಲ್ಲಿ ನೀರು ಬಂತು, ಬಂದದ್ದು ಬರೀ ಬೆಳಕಿನ ಕೊರತೆಯಿಂದಲ್ಲ. ಕೊನೆಯ ಜೇಬು ಬಿಚ್ಚುವಾಗಲೇ ಅವಳು ಮನಸ್ಸು ಗಟ್ಟಿಮಾಡಿದ್ದು.

ಅಧ್ಯಕ್ಷರು: ಅಷ್ಟೂ ಕುರ್ಚಿ ಯಾರು ಹೊತ್ಕೊಂಡು ಹೋದ್ರು?

ಟೈಲರಮ್ಮ: ಯಾಕೆ ಹೊರ್ಬೇಕು? ಹಳೇ ಪೇಪರ್‌ನವನ ತಳ್ಳುಗಾಡಿ ಇತ್ತಲ್ಲ.

ಅಧ್ಯಕ್ಷರಿಗೆ ಕುಸಿದು ಕೂರಬೇಕೆನಿಸಿತು. ಕೂರಲು ಕುರ್ಚಿ ಇರಲಿಲ್ಲವಾದ್ದರಿಂದ ಗೋಡೆಗೆ ಒರಗಿದರು.

ಅಧ್ಯಕ್ಷರು: ತೂಕಕ್ಕೆ ಹಾಕಿಬಿಟ್ಯಾ? ಸಮಿತಿ ಆಸ್ತಿ ಕಣೇ ಅದು.

ಟೈಲರಮ್ಮ: ಸಮಿತೀನೂ ತಗೊಂಡ್ಹೋಗಪ್ಪ ಅಂದೆ. ಕುರ್ಚಿಗಾದ್ರೆ ತೂಕ ಇದೆ, ಅದಕ್ಕೇನಿದೆ ಅಂದ. ಮಾರಿಲ್ಲ ರೀ, ಗಾಬರಿ ಬೇಡ. ನೀರಿನ ಟ್ಯಾಂಕ್ ಪಕ್ಕದ ಖಾಲಿ ಜಾಗದಲ್ಲಿ ಸಾಲಾಗಿ ಹಾಕಿಸಿ ಬಂದಿದೀನಿ.

ಅಧ್ಯಕ್ಷರು: ಟ್ಯಾಂಕ್ ಪಕ್ಕದಲ್ಲಾ? ಜಾಗ ಗೊತ್ತಾಗೋ ಮೊದ್ಲೇ ಕುರ್ಚಿ ಹಾಕೋದಾ? ಕೂಸು ಹುಟ್ಟೋಕ್ಕೆ ಮುಂಚೆ ಕುಲಾವಿ ಹೊಲಿಸಿದ್ರು ಅನ್ನೋ ಹಾಗಾಯ್ತು.

ಟೈಲರಮ್ಮ: ಕುಲಾವಿ ಹೊಲಿಯೋಳು ನಾನೇ ಅಲ್ವಾ, ಕಷ್ಟ ನಂಗೊತ್ತು. ಎರಡು ವರ್ಷ ಆಯ್ತು. ಆನೆ ಆಗಿದ್ರೂ ಇಷ್ಟೊತ್ತಿಗೆ ಹೆತ್ತಿರೋದು. ಕುಲಾವಿ ನೋಡಿಯಾದ್ರೂ ಕೂಸು ಈಚೆಗೆ ಬರ್ಲಿ ಅಂತ.

ಅಷ್ಟರಲ್ಲಿ ಎದುರು ಮನೆಯ ಕಾರ್ಯದರ್ಶಿಗಳು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದರು. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಮೊಹರು ಹೊಡೆದು ನಿವೃತ್ತರಾದವರು. ಮಾತಿಗೊಮ್ಮೆ ಮೇಜು ಗುದ್ದುವ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ.

ಕಾರ್ಯದರ್ಶಿ: ಅಧ್ಯಕ್ಷರೇ, ಇದು ನಿಮಗೆ ಒಪ್ಪೋ ಕೆಲಸ ಅಲ್ಲ. ನನ್ನ ಬೆನ್ನ ಹಿಂದೆ ಜಾಗ ಗೊತ್ತುಮಾಡಿ ಕುರ್ಚೀನೂ ಹಾಕಿಸಿಬಿಟ್ರಿ.

ಅಧ್ಯಕ್ಷರು: ನಾನು ಹಾಕಿಸಿಲ್ಲ ಕಣಯ್ಯ.

ಕಾರ್ಯದರ್ಶಿ: ಹಾಗಾದ್ರೆ ಅಲ್ಲಿ ಕೂತಿರೋರು ಯಾರು?

ಅಧ್ಯಕ್ಷರು: ಕೂತೂ ಬಿಟ್ಟಿದಾರಾ?

ಕಾರ್ಯದರ್ಶಿ: ಹದಿನಾಲ್ಕಕ್ಕೆ ಹದಿನಾಲ್ಕೂ ಭರ್ತಿ. ನಮ್ಮ ಸದಸ್ಯರು ಹತ್ತು ಜನಾನೂ ಅಲ್ಲೇ ಇದಾರೆ. ಕೊನೇ ಮನೆ ಅಜ್ಜಿ ಹೆಣಿಗೆ ಬೇರೆ ತಂದು ಕೂತಿದಾರೆ. ಏನಜ್ಜಿ ಇದು ಅಂದ್ರೆ, 'ಭವನ ಶುರುವಾಯ್ತಂತೆ, ಒಳ್ಳೇ ಜಾಗ ಹಿಡಿಯೋಣ ಅಂತ ಬೇಗ ಬಂದೆ' ಅಂತಾರೆ.

ಟೈಲರಮ್ಮ: ನೋಡಿ, ಭವನ ಆಗೇ ಹೋಯ್ತು. ಗೋಡೆ ಒಂದು ಬಾಕಿ.

ಇಂಥ ಹೊತ್ತಿನಲ್ಲಿ ಆ ಇಬ್ಬರೂ ಒಂದಾಗುವುದನ್ನು ನೋಡುವುದೇ ಚಂದ. ಟ್ಯಾಂಕ್ ಪಕ್ಕದ ಜಾಗ ಎಷ್ಟು ಕೆಟ್ಟದ್ದೆಂದು ಸರದಿಯ ಮೇಲೆ ಹೇಳತೊಡಗಿದರು. ಟ್ಯಾಂಕ್ ಸೋರುತ್ತದೆ ಎಂದರು ಒಬ್ಬರು. ಸೋರುವ ಕಡೆ ಕಪ್ಪೆ ಬರುತ್ತದೆ, ಕಪ್ಪೆ ಇದ್ದ ಕಡೆ ಹಾವು ಬರುತ್ತದೆ ಎಂದರು ಇನ್ನೊಬ್ಬರು. ಹಾವು ಭವನಕ್ಕೆ ಬಂದು ಯಾವ ಕುರ್ಚಿಯಲ್ಲಿ ಕೂರುತ್ತದೆ ಎಂದು ಟೈಲರಮ್ಮ ಕೇಳಲಿಲ್ಲ. ಒಳಗೆ ಹೋಗಿ ಬಟ್ಟೆ ಗಂಟಿನ ಕೆಳಗಿದ್ದ ದಪ್ಪ ನಡಾವಳಿ ಪುಸ್ತಕವನ್ನು ತಂದಳು. ಪ್ರತಿ ಸಭೆಯ ವಿವರವನ್ನೂ ಕಾರ್ಯದರ್ಶಿಗಳು ತಮ್ಮ ಕೈಯಾರೆ ಅದರಲ್ಲಿ ಬರೆಯುತ್ತಿದ್ದರು.

ಕಾರ್ಯದರ್ಶಿ: ಅದು ನಿಮ್ಮ ಹತ್ರ ಯಾಕಿದೆ ಅತ್ತಿಗೆ?

ಟೈಲರಮ್ಮ: ಕಾಲರಿನ ಅಳತೆ ಕತ್ತರಿಸೋಕೆ ದಪ್ಪ ಕಾಗದ ಬೇಕಿತ್ತು. ಕತ್ತರಿ ಇಡೋಕೆ ಮುಂಚೆ, ಪಾಪ, ಒಂದ್ಸಲ ಓದೋಣ ಅಂದ್ಕೊಂಡೆ. ಕೇಳಿ. 'ಏಳನೇ ಸಭೆ. ಟ್ಯಾಂಕ್ ಪಕ್ಕದ ಜಾಗವೇ ಮೂರರಲ್ಲಿ ಉತ್ತಮವೆಂದು ಅಧ್ಯಕ್ಷರು ಸೂಚಿಸಿದರು. ನೆರಳು ಹೆಚ್ಚೆಂಬ ಕಾರಣಕ್ಕೆ ಕಾರ್ಯದರ್ಶಿಗಳು ವಿರೋಧಿಸಿದರು.'

ಅಧ್ಯಕ್ಷರು: ನಾನಾ ಸೂಚಿಸಿದ್ದು?

ಟೈಲರಮ್ಮ: ತಡೀರಿ. 'ಹತ್ತೊಂಬತ್ತನೇ ಸಭೆ. ಟ್ಯಾಂಕ್ ಪಕ್ಕದ ಜಾಗವೇ ಮೂರರಲ್ಲಿ ಉತ್ತಮವೆಂದು ಕಾರ್ಯದರ್ಶಿಗಳು ಸೂಚಿಸಿದರು. ಬಿಸಿಲು ಹೆಚ್ಚೆಂಬ ಕಾರಣಕ್ಕೆ ಅಧ್ಯಕ್ಷರು ವಿರೋಧಿಸಿದರು.' ಅದೇ ಟ್ಯಾಂಕು, ಅದೇ ಸೂರ್ಯ.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತದೆ, ಅದು ಎಲ್ಲರಿಗೂ ಗೊತ್ತಿರುವ ಸಂಗತಿ. ಏರಿಗೆ ಹೋಗಬೇಕೆಂದು ಇಬ್ಬರಿಗೂ ಇದ್ದು, ಮೊದಲು ಹೇಳಿದವನು ಇನ್ನೊಬ್ಬನೆಂಬ ಒಂದೇ ಕಾರಣಕ್ಕೆ ನೀರಿಗೆ ಎಳೆದದ್ದು ಈ ಜೋಡಿ ಮಾತ್ರ. ಕಾರ್ಯದರ್ಶಿಗಳು ತಮ್ಮದೇ ಬರಹವನ್ನು ಕನ್ನಡಕ ತೆಗೆದು ಒಮ್ಮೆ, ಹಾಕಿಕೊಂಡು ಒಮ್ಮೆ ನೋಡಿದರು. ಅಕ್ಷರ ಬದಲಾಗಲಿಲ್ಲ.

ಕಾರ್ಯದರ್ಶಿ: ಆದ್ರೂ ಸರ್ವಾನುಮತ ಅನ್ನೋದು ಅಷ್ಟು ಸುಲಭ ಅಲ್ಲ ಅತ್ತಿಗೆ.

ಟೈಲರಮ್ಮ: ಯಾಕಲ್ಲ? ಮೂವತ್ತೊಂದನೇ ಸಭೇಲಿ ಆಗಿದೆಯಲ್ಲ. 'ಟೀಗೆ ಸಕ್ಕರೆ ಕಡಿಮೆ ಹಾಕಬೇಕೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು.' ಒಬ್ರೂ ವಿರೋಧ ಇಲ್ಲ. ಟೀ ಮಾಡೋಳನ್ನ ಮಾತ್ರ ಯಾರೂ ಕೇಳಿಲ್ಲ.

ಅಧ್ಯಕ್ಷರು ಪುಸ್ತಕ ಮುಚ್ಚಿಟ್ಟು, ಮೊದಲು ಕುರ್ಚಿ ವಾಪಸ್ ಬರಲಿ, ತೊಂಬತ್ತಾರನೇ ಸಭೆ ಇಲ್ಲೇ ನಡೆಯಬೇಕು, ಶಿಸ್ತು ಅಂದರೆ ಶಿಸ್ತು ಎಂದರು. ನಗರಸಭೆಗೆ ಬರೆಯಬೇಕಾದ ಪತ್ರವನ್ನು ಟೈಲರಮ್ಮ ಮೊದಲೇ ಬರೆದು ಜಾಗದ ಹೆಸರನ್ನೂ ತುಂಬಿಟ್ಟಿದ್ದಳು. ದಾರಿಯಲ್ಲಿ ಬಿಸಿಲಿಗೆ ಅಡ್ಡ ಹಿಡಿಯಲು ಆಗುತ್ತದೆ ಎಂದು ಹೇಳಿ ಅದನ್ನೂ ಒಂದು ಪೆನ್ನನ್ನೂ ಗಂಡನ ಕೈಗೆ ಕೊಟ್ಟಳು. ಇಬ್ಬರೂ ದಂಡೆತ್ತಿ ಹೊರಟವರ ಹಾಗೆ ಹೋದರು.

ಅವರು ತಿರುವು ದಾಟುವುದನ್ನು ನೋಡಿ ಟೈಲರಮ್ಮ ಓಣಿಗೆ ಹೋದಳು. ಯಂತ್ರದ ಕಾಲಿಗೆ ಹಳೆಯ ಕಂಬಳಿ ಕೊಟ್ಟು ಎಳೆದಳು. ಎರಡು ವರ್ಷದಲ್ಲಿ ಅದೂ ಜಡವಾಗಿತ್ತು, ಬರಲು ಒಪ್ಪಲಿಲ್ಲ. ಅದಕ್ಕೂ ನಾಲ್ಕು ಮಾತು ಅಂದಳು. ಕಿಟಕಿಯ ಕೆಳಗೆ ತಂದು ನಿಲ್ಲಿಸಿ, ಸೂಜಿಗೆ ದಾರ ಹಾಕಿದಾಗ ಒಂದೇ ಸಲಕ್ಕೆ ಹೋಯಿತು. ಎಷ್ಟು ಸಂತೋಷವಾಯಿತೆಂದರೆ, ದಾರ ಎಳೆದು ತೆಗೆದು ಇನ್ನೊಮ್ಮೆ ಹಾಕಿ ನೋಡಿದಳು.

ಮುಕ್ಕಾಲು ಗಂಟೆಯಾದ ಮೇಲೆ ಇಬ್ಬರೂ ಒಂದೂ ಕುರ್ಚಿ ಇಲ್ಲದೆ ಬಂದರು. ಮುಖ ಕೆಂಪಾಗಿತ್ತು, ಅಧ್ಯಕ್ಷರು ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದರು.

ಟೈಲರಮ್ಮ: ಕುರ್ಚಿ ಎಲ್ರೀ?

ಕಾರ್ಯದರ್ಶಿ: ಏಳೋಕೆ ಒಬ್ರೂ ತಯಾರಿಲ್ಲ ಅತ್ತಿಗೆ. ಅಧ್ಯಕ್ಷರು ಅಂತ ಇವರು ಹೇಳ್ಕೊಂಡ್ರೂ ಏಳ್ಲಿಲ್ಲ. ಅರ್ಧ ಗಂಟೆ ನಿಂತ್ವಿ, ಕಾಲು ಬಿದ್ದೇ ಹೋಯ್ತು. ಆಮೇಲೆ ಆ ಅಜ್ಜಿ, ಇವರ ಕೈಯಲ್ಲಿ ಏನದು ಕಾಗದ ಅಂತ ಇಸ್ಕೊಂಡು, ಓದಿಸಿ, ಎಲ್ಲರ ಹತ್ರಾನೂ ಸಹಿ ಹಾಕಿಸಿದ್ರು. ಬಾಕಿ ನಾವಿಬ್ರೇ. ನೀವೂ ಹಾಕಿ, ಹಾಕಿದ್ರೆ ನನ್ನ ಕುರ್ಚಿ ಬಿಟ್ಕೊಡ್ತೀನಿ ಅಂದ್ರು.

ಟೈಲರಮ್ಮ: ಹಾಕಿದ್ರಾ?

ಕಾರ್ಯದರ್ಶಿ: ಇಬ್ರೂ ಒಂದೇ ಸಲ ಪೆನ್ನಿಗೆ ಕೈ ಹಾಕಿದ್ವಿ. ಇರೋದು ಒಂದೇ ಕುರ್ಚಿ ನೋಡಿ.

ಅಧ್ಯಕ್ಷರು: ಹಾಗೆಲ್ಲ ಅಲ್ಲ. ಸ್ಥಳ ಪರಿಶೀಲನೆ ಮಾಡಿ, ಸಾರ್ವಜನಿಕರ ಅಭಿಪ್ರಾಯ ಪಡೆದು, ಕೂಲಂಕಷವಾಗಿ ಯೋಚಿಸಿ ನಾನೇ ತೀರ್ಮಾನ ತಗೊಂಡೆ.

ಜಟ್ಟಿ ಬಿದ್ದಿದ್ದ, ಮೀಸೆಗೆ ಮಣ್ಣು ಹತ್ತಿರಲಿಲ್ಲ. ಪತ್ರವನ್ನು ನಾಳೆ ಬೆಳಿಗ್ಗೆ ತಾವೇ ಕೊಟ್ಟು ಮೊಹರು ಹಾಕಿಸಿಕೊಂಡು ಬರುವುದಾಗಿ ಹೇಳಿ ಕಾರ್ಯದರ್ಶಿಗಳು ಎದುರು ಮನೆ ಸೇರಿದರು. ಇನ್ನು ಕಟ್ಟಡ ಸಮಿತಿ ಅಂತ ಒಂದು ಬೇಕಾಗುತ್ತದೆ, ಗೋಡೆ ಏಳುವ ತನಕ ಅದಕ್ಕೂ ಒಂದು ಕೋಣೆ ಬೇಕಾಗುತ್ತದೆ ಎಂದು ಅಧ್ಯಕ್ಷರು ಶುರುಮಾಡಿದರು. ಆಗ ಕಿಟಕಿಯ ಕೆಳಗೆ ನಿಂತಿದ್ದ ಯಂತ್ರ ಅವರ ಕಣ್ಣಿಗೆ ಬಿತ್ತು.

ಟೈಲರಮ್ಮ: ಕಟ್ಟಡ ಸಮಿತಿಗೆ ಕುರ್ಚಿ ಅಲ್ಲೇ ಇದಾವೆ. ಬಿಸಿಲೂ ಅಲ್ಲೇ ಇದೆ. ಬೇಗ ಕಟ್ತೀರಿ.

ಅಧ್ಯಕ್ಷರು: ಅದು ಸರಿ. ಆದ್ರೆ ನಾಳೆಯಿಂದ ನಾನು ಏನು ಮಾಡ್ಲೇ?

ಅವರು ಇಷ್ಟು ಮೆಲ್ಲಗೆ ಮಾತಾಡಿದ್ದನ್ನು ಅವಳು ಕೇಳಿ ಬಹಳ ದಿನವಾಗಿತ್ತು. ವಾರದ ಆರು ದಿನ ನಕ್ಷೆ ಗೀಚಿ, ಒರೆಸಿ, ಮತ್ತೆ ಗೀಚಿ ಏಳನೇ ದಿನದ ಸಭೆಗೆ ತಯಾರಾಗುತ್ತಿದ್ದ ಮನುಷ್ಯ. ಜಾಗ ಗೊತ್ತಾಗಿಬಿಟ್ಟರೆ ತನ್ನನ್ನು ಅಧ್ಯಕ್ಷರೇ ಎಂದು ಕರೆಯುವವರು ಯಾರೂ ಇರುವುದಿಲ್ಲ ಎಂಬ ಭಯ ಅವರಿಗಿತ್ತೆಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಅದಕ್ಕೇ ತೊಂಬತ್ತೈದು ಟೀ ಮಾಡಿದ್ದು. ಅವಳಿಗೆ ಅಯ್ಯೋ ಅನಿಸಿತು, ಹಾಗೆ ಅನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು. ಒಳಗಿನಿಂದ ಮರದ ಸ್ಟೂಲೊಂದನ್ನು ತಂದು ಅವರ ಕೈಗೆ ಕೊಟ್ಟಳು.

ಟೈಲರಮ್ಮ: ನೂರಿಪ್ಪತ್ತು ಅಂಗಿಗೆ ಗುಂಡಿ ಹಾಕೋದಿದೆ. ಅದಕ್ಕೊಬ್ರು ಅಧ್ಯಕ್ಷರು ಬೇಕಾಗಿದಾರೆ. ಕೂತ್ಕೊಳಿ.

ಅಧ್ಯಕ್ಷರ ಬೆನ್ನು ನೆಟ್ಟಗಾಯಿತು. ಸ್ಟೂಲು ಹಿಡಿದು ಕೋಣೆಯಲ್ಲಿ ಒಂದು ಸುತ್ತು ಬಂದರು, ಕಿಟಕಿ ನೋಡಿದರು, ಬಾಗಿಲು ನೋಡಿದರು, ಹೆಜ್ಜೆ ಹಾಕಿ ನಡುವಿನ ಅಂತರ ಅಳೆದರು.

ಅಧ್ಯಕ್ಷರು: ಸ್ಟೂಲು ಎಲ್ಲಿ ಹಾಕ್ಕೊಳ್ಲಿ? ಎಡಗಡೆ ಹಾಕಿದ್ರೆ ನಿನ್ನ ನೆರಳು ಬೀಳುತ್ತೆ. ಬಲಗಡೆ ಹಾಕಿದ್ರೆ ಬಾಗಿಲಿಗೆ ಅಡ್ಡ. ಬಾಗಿಲ ಹತ್ರ ಗಾಳಿ ಚೆನ್ನಾಗಿದೆ, ಆದ್ರೆ ದಾರ ಹಾರುತ್ತೆ. ಒಟ್ಟು ಮೂರು ಜಾಗ ಇವೆ ಕಣೇ, ಮೂರಕ್ಕೂ ಒಂದು ನಕ್ಷೆ ಬರೆದು...

ಟೈಲರಮ್ಮ ಸ್ಟೂಲನ್ನು ಕಿತ್ತುಕೊಂಡು ಯಂತ್ರದ ಎಡಕ್ಕೆ ಇಟ್ಟಳು. ಗಂಡನ ಭುಜ ಹಿಡಿದು ಅದರ ಮೇಲೆ ಕೂರಿಸಿ, ಮಡಿಲಿಗೆ ಗುಂಡಿಯ ಡಬ್ಬಿ ಹಾಕಿದಳು.

ಟೈಲರಮ್ಮ: ಸರ್ವಾನುಮತ.