ಆಯುಧಪೂಜೆಗೆ ರಜೆ ಪಡೆದ ಮೇಲ್ ಸರ್ವರ್

ನನ್ನ ಕಾಲಿಗೆ ಚಕ್ರ ಕಟ್ಟಿದೆ ಅಂತ ಅಮ್ಮ ಹೇಳುತ್ತಿದ್ದಳು. ಮಸ್ಕತ್, ನೈರೋಬಿ, ರಾಟರ್‌ಡ್ಯಾಮ್ ಅಂತ ಆಫೀಸುಗಳ ಕಂಪ್ಯೂಟರ್ ಜಾಲ ರಿಪೇರಿ ಮಾಡುತ್ತ ತಿರುಗಿದವಳು ನಾನು. ಯಂತ್ರ ಕೆಡುವ ರೀತಿ ಎಲ್ಲ ಊರಲ್ಲೂ ಒಂದೇ. ಅದನ್ನು ಕೆಡಿಸುವ ರೀತಿ ಮಾತ್ರ ಊರಿಂದೂರಿಗೆ ಬೇರೆ. ಆ ವಿದ್ಯೆಯಲ್ಲಿ ಕೆ.ಆರ್. ಪುರದ ಹತ್ತಿರದ ಒಂದು ಕಾರ್ಖಾನೆಯನ್ನು ಮೀರಿಸಿದವರನ್ನು ನಾನಿನ್ನೂ ಕಂಡಿಲ್ಲ.

೧. ದಣಿದ ಯಂತ್ರ

ಕೆ.ಆರ್. ಪುರದ ತೂಗುಸೇತುವೆ ಆಗಿನ್ನೂ ಹೊಸದು, ಜನ ಅದರ ಮೇಲೆ ಸ್ಕೂಟರ್ ನಿಲ್ಲಿಸಿ ಬಾಯಿ ಬಿಟ್ಟು ನೋಡುತ್ತಿದ್ದ ಕಾಲ. ಕಾರ್ಖಾನೆಯ ಯಜಮಾನರು ಕಗ್ಗದಾಸಪುರದ ಹಳೇ ಒಕ್ಕಲು ಮನೆತನದವರು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದ ಮೇಲೆ ಇಲ್ಲಿ ಲೇತ್ ಹಾಕಿಸಿ, ಮೋಟಾರಿನ ಬಿಡಿಭಾಗ ಮಾಡಿಸುತ್ತಿದ್ದರು. ಅವರ ಇ-ಮೇಲ್‌ಗಳೆಲ್ಲ ಒಂದು ಮುದಿ ಸರ್ವರ್ ಮೂಲಕ ಬರುತ್ತಿದ್ದವು. ಹೊಸದೊಂದನ್ನು ಪಕ್ಕದಲ್ಲಿ ಕೂರಿಸಿ, ಒಬ್ಬೊಬ್ಬರ ಮೇಲ್‌ಬಾಕ್ಸನ್ನೂ ಅದಕ್ಕೆ ಸಾಗಿಸುವುದು ನನ್ನ ಕೆಲಸ. ಅರ್ಧ ಆಗಿತ್ತು. ಆಯುಧಪೂಜೆ ಬಂತು.

ಅವತ್ತು ಲೇತ್‌ಗಳನ್ನು ತೊಳೆದು, ಕುಂಕುಮ ಇಟ್ಟು, ಹೂ ಹಾಕಿದರೆ ಮಾರನೇ ದಿನದವರೆಗೆ ಯಾರೂ ಮುಟ್ಟುವಂತಿಲ್ಲ. ಮ್ಯಾನೇಜರ್ ಬಲು ನಿಷ್ಠಾವಂತರು. ಸರ್ವರ್ ಕೋಣೆಗೂ ಹೋಗಿ ಆರತಿ ಎತ್ತಿ, ಮುದಿ ಸರ್ವರ್‌ನ ಪ್ಲಗ್ ಕಿತ್ತಿಟ್ಟರು. ಮಾರನೇ ದಿನ ಸಿಕ್ಕಿಸಿದರೆ ಅದು ಏಳಲಿಲ್ಲ. ವರ್ಷಗಟ್ಟಲೆ ನಿಲ್ಲದೆ ತಿರುಗಿದ ಡಿಸ್ಕ್ ಒಮ್ಮೆ ನಿಂತರೆ ಹಾಗೇ, ನಡೆದಾಡುತ್ತಿದ್ದ ಮುದುಕರು ಹಾಸಿಗೆ ಹಿಡಿದ ಹಾಗೆ.

ಪ್ಲಗ್ ಯಾಕ್ರೀ ತೆಗೆದ್ರಿ ಅಂತ ಮ್ಯಾನೇಜರನ್ನು ಕೇಳಿದೆ.

“ಲೇತ್‌ಗೆಲ್ಲ ರಜೆ ಕೊಟ್ಟು ಇದೊಂದನ್ನೇ ದುಡಿಸಿದ್ರೆ ಪಾಪ ಅಲ್ವಾ ಮೇಡಂ?”

ಮತ್ತೆ ಪಕ್ಕದ್ದನ್ನು ಬಿಟ್ಟಿದ್ದೀರಲ್ಲ?

“ಅದು ಹೊಸದು. ಇನ್ನೂ ಎಲ್ಲಿ ದಣಿದಿದೆ?”

೨. ಪಹಣಿಯಲ್ಲಿರುವ ತಾತ

ಯಜಮಾನರ ಮೇಲ್‌ಬಾಕ್ಸ್ ಸತ್ತ ಸರ್ವರ್‌ನಲ್ಲೇ ಇತ್ತು. ಜರ್ಮನಿಯ ಒಬ್ಬ ಗಿರಾಕಿ ಅದೇ ವಾರ ಅವರಿಗೆ ಮೊದಲ ಆರ್ಡರ್ ಕಳಿಸುವವರಿದ್ದರು. ಶುಕ್ರವಾರ ಸಂಜೆಯೊಳಗೆ ಒಪ್ಪಿಗೆ ಹೋಗದಿದ್ದರೆ ಅದು ಕೊಯಮತ್ತೂರಿನವರ ಪಾಲು. ಬ್ಯಾಕಪ್‌ನಿಂದ ಯಜಮಾನರ ಮೇಲ್‌ಬಾಕ್ಸನ್ನು ಹೊಸ ಸರ್ವರ್‌ಗೆ ತಂದೆ. ಆದರೂ ಹೊಸ ಮೇಲ್ ಒಂದೂ ಒಳಗೆ ಬರಲಿಲ್ಲ.

ಕಾರಣ ಡೈರೆಕ್ಟರಿ. ಜಾಲದಲ್ಲಿ ಯಾರಿದ್ದಾರೆ, ಯಾವ ಯಂತ್ರ ಏನು ಮಾಡುತ್ತದೆ ಅಂತ ನೆನಪಿಟ್ಟುಕೊಳ್ಳುವುದು ಅದೇ. ಅದರ ಲೆಕ್ಕದಲ್ಲಿ ಮುದಿ ಸರ್ವರ್ ಇನ್ನೂ ಬದುಕಿತ್ತು. ಹೊರಗಿನಿಂದ ಬಂದ ಮೇಲ್‌ಗಳನ್ನು ಹೊಸ ಸರ್ವರ್ ಅದಕ್ಕೇ ಒಪ್ಪಿಸಬೇಕೆಂದು ಹಿಡಿದುಕೊಂಡು ಕೂತಿತ್ತು. ಇದನ್ನು ರಾಟರ್‌ಡ್ಯಾಮಿನಲ್ಲಿ ಚಿತ್ರ ಬರೆದು ವಿವರಿಸಿ ಸೋತಿದ್ದೆ. ಯಜಮಾನರು ಬಾಯಲ್ಲಿದ್ದ ಎಲೆಅಡಿಕೆ ಮುಗಿಯುವಷ್ಟರಲ್ಲಿ ವಿಷಯ ಹಿಡಿದರು.

“ನಮ್ ತಾತ ತೀರ್ಕೊಂಡು ಎಷ್ಟೋ ವರ್ಷ ಆಗಿತ್ತು. ಪಹಣೀಲಿ ಮಾತ್ರ ಗಟ್ಟಿಮುಟ್ಟಾಗಿದ್ರು. ನೋಟಿಸೆಲ್ಲ ಅವ್ರಿಗೇ ಬರೋದು. ಹೆಸರು ತೆಗೆಸೋವರ್ಗೂ ಹೊಲದ ಒಂದು ಕೆಲ್ಸಾನೂ ಆಗ್ಲಿಲ್ಲ. ಇದೂ ಅದೇ ತಾನೆ?”

ಅದೇ ಅಂದೆ.

ಮ್ಯಾನೇಜರ್‌ಗೆ ಹೆಂಗಸಿನ ಕೈಯಲ್ಲಿ ಇದಾಗುತ್ತದೆಂಬ ನಂಬಿಕೆ ಇರಲಿಲ್ಲ. ಚೆನ್ನೈನಿಂದ ಒಬ್ಬರು ಎಕ್ಸ್‌ಪರ್ಟ್ ಸೋಮವಾರ ಸಿಗುತ್ತಾರೆ, ಕಾಯೋಣ ಅಂದರು. ಸರ್ವರ್ ಸತ್ತಿದೆ ಅಂತ ಈ ಮೇಡಂ ಒಬ್ಬರೇ ಹೇಳಿದರೆ ಸಾಕೇ, ಡೆತ್ ಸರ್ಟಿಫಿಕೇಟ್ ಯಾರು ಕೊಡುತ್ತಾರೆ ಅಂತಲೂ ಕೇಳಿದರು.

ಯಜಮಾನರು ಅವರನ್ನೇ ನೋಡಿದರು. “ನೀವೇ ಕೊಡಿ. ಸಾಯೋವಾಗ ಹತ್ರ ಇದ್ದೋರು ನೀವೇ ಅಲ್ವಾ?”

೩. ಸಾವಿಗೆ ರಾಹುಕಾಲ

ಶುಕ್ರವಾರ ಬೆಳಗ್ಗೆ ಪರದೆಯ ಮುಂದೆ ಕೂತೆ. ನನ್ನ ಬೆನ್ನ ಹಿಂದೆ ಇಡೀ ಆಫೀಸು. ಹಲಸೂರಿನಿಂದ ಬರುವ ಅಕೌಂಟ್ಸ್ ಅಕ್ಕ ಅಲ್ಲಿನ ಸೋಮೇಶ್ವರನ ಗುಡಿಯ ವಿಭೂತಿ ತಂದು ಕೀಬೋರ್ಡಿಗೆ ಹಚ್ಚಿಯಾಗಿತ್ತು. ಡೈರೆಕ್ಟರಿಯ ಪಟ್ಟಿಯಲ್ಲಿ ಸತ್ತ ಸರ್ವರ್‌ನ ಹೆಸರಿನ ಮೇಲಿನ ಸಾಲಿನಲ್ಲೇ ಇಡೀ ಕಾರ್ಖಾನೆಯ ಹೆಸರು. ಮೌಸ್ ಒಂದು ಕೂದಲೆಳೆ ಜಾರಿದರೆ ತಾತನ ಜೊತೆ ವಂಶವೇ ಅಳಿಸಿಹೋಗುತ್ತದೆ. ಮೊದಲು ಸತ್ತ ಸರ್ವರ್‌ನ ಹೊಣೆಗಳನ್ನು ಒಂದೊಂದಾಗಿ ಹೊಸದಕ್ಕೆ ವಹಿಸಿದೆ. ಸತ್ತವನ ಕೈಯಲ್ಲಿ ಒಂದು ಬೀಗದಕೈಯೂ ಉಳಿಯದ ಹಾಗೆ ನೋಡಿಕೊಂಡೆ. ಕೊನೆಗೆ ಅದರ ಹೆಸರಿನ ಮೇಲೆ ಮೌಸ್ ಇಟ್ಟೆ.

“ಮೇಡಂ, ರಾಹುಕಾಲ” ಅಂದರು ಮ್ಯಾನೇಜರ್.

ಶುಕ್ರವಾರದ ರಾಹುಕಾಲ ಹತ್ತೂವರೆಯಿಂದ ಹನ್ನೆರಡರವರೆಗೆ. ಮಧ್ಯಾಹ್ನ ಆ ಕಡೆ ಕರೆಂಟ್ ಇರುತ್ತದೆಂದು ದೇವರೂ ಭರವಸೆ ಕೊಡುವಂತಿರಲಿಲ್ಲ. ನಾನು ಯಜಮಾನರ ಮುಖ ನೋಡಿದೆ.

“ರಾಹುಕಾಲ ನೋಡೋದು ಒಳ್ಳೇ ಕೆಲ್ಸಕ್ಕೆ ಕಣ್ರೀ. ಹೆಣ ಎತ್ತೋಕೆ ಯಾರು ನೋಡ್ತಾರೆ? ನೀವು ಎತ್ತಿ ಮೇಡಂ.”

ಒತ್ತಿದೆ. ನಿಜವಾಗಿಯೂ ಅಳಿಸಲೇ ಅಂತ ಕಂಪ್ಯೂಟರ್ ಕೇಳಿತು. ಬೇಡ ಅನ್ನಿ ಅಂತ ಮ್ಯಾನೇಜರ್ ಪಿಸುಗುಟ್ಟಿದರು. ಹೌದು ಅಂದೆ.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ತಡೆದಿದ್ದ ಮೇಲ್‌ಗಳು ಆಲಿಕಲ್ಲಿನ ಹಾಗೆ ಯಜಮಾನರ ಮೇಲ್‌ಬಾಕ್ಸಿಗೆ ಬಿದ್ದವು. ಜರ್ಮನಿಯ ಆರ್ಡರ್ ಅದರಲ್ಲಿತ್ತು. ಊಟಕ್ಕೆ ಮೊದಲೇ ಒಪ್ಪಿಗೆ ಹೋಯಿತು. ನಾಲ್ಕು ದೇಶ ಸುತ್ತಿದವಳಿಗೂ ಅಷ್ಟು ಎದೆಯುಬ್ಬಿದ ದಿನ ಇನ್ನೊಂದಿಲ್ಲ.

ಎಲ್ಲಕ್ಕಿಂತ ಮೊದಲು ಬಿದ್ದ ಮೇಲ್ ಮಾತ್ರ ಬೇರೆ. ಪ್ಲಗ್ ಕಿತ್ತ ಮೇಲೆ ಮ್ಯಾನೇಜರ್, ಆಗಲೇ ಹೊಸ ಸರ್ವರ್‌ಗೆ ಸಾಗಿದ್ದ ತಮ್ಮ ಮೇಲ್‌ಬಾಕ್ಸಿನಿಂದ ಯಜಮಾನರಿಗೆ ಕಳಿಸಿದ್ದು: ‘ಎಲ್ಲಾ ಯಂತ್ರಗಳೂ ಸುಖವಾಗಿ ವಿಶ್ರಾಂತಿಯಲ್ಲಿವೆ.’

೪. ಆಯುಧ ಯಾವುದು?

ಮುಂದಿನ ವರ್ಷ ಆಯುಧಪೂಜೆಗೆ ಯಜಮಾನರು ಫೋನ್ ಮಾಡಿ ಬರಲೇಬೇಕು ಅಂದರು. ಹೋದೆ. ಸರ್ವರ್ ಕೋಣೆಗೆ ಬೀಗ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಮ್ಯಾನೇಜರ್ರೇ ಕಾವಲು. ಒಳಗಿನದಕ್ಕೆ ಹೂವೂ ಇಲ್ಲ, ರಜೆಯೂ ಇಲ್ಲ.

ಲೇತ್‌ಗಳ ಪೂಜೆ ಮುಗಿಯಿತು. ಅಕೌಂಟ್ಸ್ ಅಕ್ಕ ತಟ್ಟೆ ಹಿಡಿದು ನನ್ನ ಕಡೆ ಬಂದರು. ಹಣೆಗೆ ಕುಂಕುಮ ಇಟ್ಟು, ಲೇತ್‌ಗೆ ಹಾಕಿದಂಥದ್ದೇ ಸೇವಂತಿಗೆ ಹಾರವನ್ನು ಕೊರಳಿಗೆ ಹಾಕಿದರು. ಹೊರಗೆ ನಿಂತಿದ್ದ ನನ್ನ ಸ್ಕೂಟಿಯ ಚಕ್ರದ ಕೆಳಗೆ ನಿಂಬೆಹಣ್ಣೂ ಬಂತು. ಇದೇನಕ್ಕಾ ಅಂದೆ.

“ನಮ್ಮ ಕಾರ್ಖಾನೆಗೆ ಅನ್ನ ಹಾಕಿದ್ದು ಯಾವ ಆಯುಧವೋ ಅದಕ್ಕೆ ಪೂಜೆ” ಅಂದರು ಯಜಮಾನರು. “ಪೂಜೆ ಆದ್ಮೇಲೆ ಆಯುಧ ಮುಟ್ಟಂಗಿಲ್ಲ. ನೀವಿವತ್ತು ಏನೂ ಮಾಡ್ಬೇಡಿ. ಮನೆಗೆ ಹೋಗಿ ಮಲ್ಕೊಳಿ.”

ಕಣ್ಣು ತುಂಬಿ ಬಂತು. ಹಾರದ ಸಮೇತ ಸ್ಕೂಟಿ ಹತ್ತುತ್ತಿದ್ದೆ. ಮ್ಯಾನೇಜರ್ ಕಾವಲು ಬಿಟ್ಟು ಓಡಿ ಬಂದರು. ಮುಖದಲ್ಲಿ ನಿಜವಾದ ದಿಗಿಲು.

“ಮೇಡಂ, ನಾಳೆ ಬೆಳಗ್ಗೆ ಮತ್ತೆ ಏಳ್ತೀರಲ್ಲ?”