ಎತ್ತಿಗೊಂದು ಸೋಮವಾರ

ಕೆಲಸದ ಹೊತ್ತು ಕಡಿಮೆಯಾಗಬೇಕು ಎಂಬ ಮಾತನ್ನು ಒಪ್ಪದವರನ್ನು ನಾನು ಇದುವರೆಗೆ ಕಂಡಿಲ್ಲ. ಜಗಳ ಬರುವುದು ಯಾರ ಕೆಲಸದ ಹೊತ್ತು ಎಂಬಲ್ಲಿ. ಈ ವಿಷಯದಲ್ಲಿ ಒಂದು ಕಾಲಕ್ಕೆ ನಾನೂ ಹೋರಾಟಗಾರನಾಗಿದ್ದೆ. ಹೋರಾಟವೆಂದರೆ ಬೀದಿಗಿಳಿದು ಕೂಗಲಿಲ್ಲ, ಅಷ್ಟು ಗಂಟಲು ನನಗಿಲ್ಲ; ಮೂರು ಹಾಳೆಯ ಒಂದು ಮನವಿ ಬರೆದೆ, ಅಷ್ಟೇ. ಅದರಲ್ಲಿ ಬರೆದದ್ದೆಲ್ಲ ಸತ್ಯ ಎಂದು ಈಗಲೂ ನಂಬಿದ್ದೇನೆ. ಆದರೆ ಬರೆದವನನ್ನು ಅಷ್ಟಾಗಿ ನಂಬುವಂತಿಲ್ಲ ಎಂಬುದನ್ನು ಸೊರಬದ ಒಂದು ಜೋಡಿ ಎತ್ತು ನನಗೆ ತಿಳಿಸಿಕೊಟ್ಟಿತು. ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯೇ ಆಗುತ್ತದೆ, ಹೇಳಿಬಿಟ್ಟರೆ ಹಗುರಾಗಬಹುದೇನೋ.

ಆಗ ನಾನು ಶಿಕಾರಿಪುರದ ಒಂದು ಕಚೇರಿಯಲ್ಲಿ ಗುಮಾಸ್ತ. ರಾಜ್ಯಕ್ಕೆ ಹೊಸ ಹೆಸರು ಬಂದು, ಅಚ್ಚಾದ ಹಾಳೆಗಳ ತಲೆಯ ಮೇಲಿದ್ದ ‘ಮೈಸೂರು’ ಎಂಬುದನ್ನು ಶಾಯಿಯಲ್ಲಿ ಹೊಡೆದು ‘ಕರ್ನಾಟಕ’ ಎಂದು ಬರೆಯುವುದೇ ಒಂದು ಕೆಲಸವಾಗಿದ್ದ ಕಾಲ. ವಾರಕ್ಕೆ ಆರು ದಿನ ಕಚೇರಿ. ಅದನ್ನು ಐದಕ್ಕೆ ಇಳಿಸಬೇಕೆಂದು ನಾವು ಕೆಲವರು ಮಧ್ಯಾಹ್ನದ ಚಹಾದ ಹೊತ್ತಿಗೆ ಮಾತಾಡಿಕೊಳ್ಳುತ್ತಿದ್ದೆವು. ಈ ಮಾತು ಎಷ್ಟು ರುಚಿಯಾಗಿತ್ತೆಂದರೆ ಚಹಾ ಕುಡಿದು ಒಂದು ಗಂಟೆಯಾದರೂ ಮುಗಿಯುತ್ತಿರಲಿಲ್ಲ. ಹಾಗೆ ನೋಡಿದರೆ ನಮ್ಮ ಕೆಲಸದ ಹೊತ್ತು ಆಗಲೇ ಸಾಕಷ್ಟು ಕಡಿಮೆಯಾಗಿತ್ತು. ಸರ್ಕಾರದ ಒಪ್ಪಿಗೆಯೊಂದು ಬಾಕಿ. ಕೊನೆಗೆ ಎಲ್ಲರ ಪರವಾಗಿ ಮನವಿ ಬರೆಯುವ ಭಾರ ನನ್ನ ಮೇಲೆ ಬಿತ್ತು. ನನ್ನ ಅಕ್ಷರ ದುಂಡಗಿದೆ, ಭಾಷೆಗೆ ತೂಕವಿದೆ ಎಂದು ಹೊಗಳಿದರು. ಹೊಗಳಿಕೆಗೆ ಬೇಗ ಬೀಳುವವನು ನಾನು, ಒಪ್ಪಿಕೊಂಡೆ. ಕಚೇರಿಯ ಎದುರು ಬಟ್ಟೆ ಹೊಲಿಯುತ್ತಿದ್ದ ಇಮಾಂ ಸಾಬರಿಗೆ ಈ ಸುದ್ದಿ ಹೇಳಿದಾಗ ಅವರು ಮಿಷನ್ ತುಳಿಯುವುದನ್ನು ನಿಲ್ಲಿಸಲಿಲ್ಲ. ಶನಿವಾರವೂ ರಜಾ ಬಂದರೆ ನೀವೆಲ್ಲ ಆ ದಿನ ಏನು ಮಾಡುತ್ತೀರಿ ಎಂದು ಕೇಳಿದರು. ಬಟ್ಟೆ ಹೊಲಿಸಲು ನಿಮ್ಮಲ್ಲಿಗೆ ಬರುತ್ತೇವೆ ಎಂದೆ. ಹಾಗಾದರೆ ಶನಿವಾರ ನಾನು ಇನ್ನೆರಡು ಗಂಟೆ ಹೆಚ್ಚು ಕೂರಬೇಕಾಯಿತು ಎಂದು ಅವರು ನಕ್ಕರು. ನಾನೂ ನಕ್ಕೆ. ಅದನ್ನು ತಮಾಷೆಯೆಂದೇ ತಿಳಿದಿದ್ದೆ.

ವಿಶ್ರಾಂತಿಯ ಅಗತ್ಯವನ್ನು ಕುರಿತ ಆ ಮನವಿ ಬರೆಯಲು ನನ್ನ ನಾಲ್ಕು ಭಾನುವಾರಗಳು ಹೋದವು. ಮನೆಯಲ್ಲಿದ್ದ ಒಂದೇ ಒಂದು ಕುರ್ಚಿಯಲ್ಲಿ ಕೂತು ನಾನು ಬರೆಯುತ್ತಿದ್ದರೆ, ಒಳಗೆ ನನ್ನ ಹೆಂಡತಿ ಶಾರದೆ ಒರಳಿನಲ್ಲಿ ರುಬ್ಬುತ್ತಿದ್ದಳು. ಕಾಲೇಜು ಓದಲು ಬಂದಿದ್ದ ನನ್ನ ಇಬ್ಬರು ತಮ್ಮಂದಿರು ಆಗ ನಮ್ಮ ಜೊತೆಗೇ ಇದ್ದರು. ರಜಾ ದಿನ ಏನಾದರೂ ವಿಶೇಷ ತಿನ್ನಬೇಕು ಎಂಬುದರಲ್ಲಿ ನಮ್ಮ ಮೂವರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಹಾಗಾಗಿ ಭಾನುವಾರ ಬಂತೆಂದರೆ ವಡೆ, ವಡೆಯೆಂದರೆ ಉದ್ದು, ಉದ್ದೆಂದರೆ ಒರಳು. ಗುಂಡುಕಲ್ಲಿನ ಗಡಗಡ ಸದ್ದಿಗೆ ನನ್ನ ತೂಕದ ವಾಕ್ಯಗಳು ನಡುವೆಯೇ ಕಡಿದುಹೋಗುತ್ತಿದ್ದವು. "ಸ್ವಲ್ಪ ಮೆಲ್ಲಗೆ ರುಬ್ಬು" ಎಂದು ಕೂತಲ್ಲಿಂದಲೇ ಎರಡು ಸಲ ಕೂಗಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

ಆ ದಿನಗಳಲ್ಲಿ ಅವಳಿಗೆ ಸೊಂಟನೋವು ಶುರುವಾಗಿತ್ತು. ಡಾಕ್ಟರು ನೋಡಿ, ಔಷಧಿಗಿಂತ ಹೆಚ್ಚಾಗಿ ಬಿಡುವು ಬೇಕು, ವಾರಕ್ಕೆ ಒಂದು ದಿನವಾದರೂ ಯಾವ ಕೆಲಸಕ್ಕೂ ಕೈ ಹಾಕದೆ ಚಾಪೆಯ ಮೇಲೆ ಬೆನ್ನು ಚಾಚಿ ಮಲಗಬೇಕು, ಹೀಗೇ ಬಿಟ್ಟರೆ ಮುಂದೆ ಕೂತರೆ ಏಳಲಾಗದು, ಎದ್ದರೆ ಕೂರಲಾಗದು ಎಂದಿದ್ದರು. ನಾನು ಬರುವ ದಾರಿಯಲ್ಲಿ ಒಂದು ಶೀಸೆ ನೋವಿನ ಎಣ್ಣೆ ಕೊಂಡು ತಂದೆ. ಮಲಗುವ ವಿಷಯ ಆಮೇಲೆ ನೋಡೋಣ ಎಂದೆ. ಹಾಗೆಂದು ಡಾಕ್ಟರ ಮಾತು ಪೂರ್ತಿ ವ್ಯರ್ಥವಾಯಿತೆಂದು ತಿಳಿಯಬೇಡಿ. ಮನವಿಯ ಎರಡನೆಯ ಹಾಳೆಗೆ ಅದನ್ನು ಇಳಿಸಿಕೊಂಡೆ: ‘ದುಡಿಯುವ ಪ್ರತಿಯೊಂದು ಜೀವಕ್ಕೂ ವಾರದಲ್ಲಿ ನಿಶ್ಚಿತವಾದ ಬಿಡುವು ಬೇಕೆಂಬುದನ್ನು ವೈದ್ಯರೂ ಒಪ್ಪುತ್ತಾರೆ.’ ಇಡೀ ಮನವಿಗೆ ಅದೇ ಜೀವಾಳ ಎಂದು ಗೆಳೆಯರು ಬೆನ್ನು ತಟ್ಟಿದರು. ಕಾಫಿ ತಂದುಕೊಟ್ಟ ಶಾರದೆಗೂ ಓದಿ ಹೇಳಿದೆ. ಪ್ರತಿಯೊಂದು ಜೀವಕ್ಕೂ ಬೇಕೇ ಎಂದು ಕೇಳಿದಳು. ಮತ್ತೆ, ಪ್ರತಿಯೊಂದಕ್ಕೂ ಎಂದೆ. ಅವಳು ಖಾಲಿ ಲೋಟ ಎತ್ತಿಕೊಂಡು, ಇನ್ನೊಂದು ಕೈಯನ್ನು ಸೊಂಟಕ್ಕೆ ಕೊಟ್ಟುಕೊಂಡು ಒಳಗೆ ಹೋದಳು. ನನ್ನ ಭಾಷೆಗೆ ಮರುಳಾಗಿ ಅವಳಿಗೆ ಮಾತು ಹೊರಡಲಿಲ್ಲವೆಂದು ನಾನು ಭಾವಿಸಿದೆ.

ಮನವಿ ಹೋಯಿತು. ಎಷ್ಟೋ ದಿನಗಳ ಮೇಲೆ ‘ಪರಿಶೀಲನೆಯಲ್ಲಿದೆ’ ಎಂಬ ಒಂದು ಸಾಲಿನ ಉತ್ತರ ಬಂತು. ಅದರ ಹಿಂದೆಯೇ ನನಗೆ ಸೊರಬಕ್ಕೆ ವರ್ಗವಾಯಿತು. ಎರಡಕ್ಕೂ ಸಂಬಂಧವಿಲ್ಲ ಎಂದೇ ನಾನು ಎಲ್ಲರಿಗೂ ಹೇಳಿದೆ. ಸಂಬಂಧವಿದ್ದಿದ್ದರೆ ನನ್ನ ಭಾಷೆಯನ್ನು ಯಾರೋ ಓದಿದ್ದಾರೆ ಎಂದು ಸಮಾಧಾನವಾದರೂ ಆಗುತ್ತಿತ್ತು. ತಮ್ಮಂದಿರಿಗೆ ಶಿಕಾರಿಪುರದಲ್ಲೇ ಒಂದು ಕೋಣೆ ಹಿಡಿದುಕೊಟ್ಟು, ಒಂದು ಸೋಮವಾರ ಬೆಳಗಿನ ಮೊದಲ ಬಸ್ಸಿನ ಟಾಪಿನ ಮೇಲೆ ಸಾಮಾನು ಏರಿಸಿಕೊಂಡು ನಾವಿಬ್ಬರೂ ಹೊರಟೆವು. ಎರಡು ಟ್ರಂಕು, ಹಾಸಿಗೆ ಸುರುಳಿ, ಪಾತ್ರೆಯ ಮೂಟೆ, ಆ ಕುರ್ಚಿ, ಮತ್ತು ಒರಳು. ಒರಳನ್ನು ಇಲ್ಲೇ ಬಿಟ್ಟು ಹೋಗೋಣ ಎಂದು ನಾನು ಹೇಳಿದ್ದೆ. ಹಾಗಾದರೆ ವಡೆಯನ್ನೂ ಇಲ್ಲೇ ಬಿಟ್ಟು ಹೋಗೋಣ ಎಂದು ಶಾರದೆ ಅಂದದ್ದರಿಂದ ಅದೂ ಟಾಪು ಏರಿತು.

ಸೊರಬದಲ್ಲಿ ಇಳಿದಾಗ ಒಂಬತ್ತೂವರೆ. ಹತ್ತೂವರೆಯೊಳಗೆ ನಾನು ಹೊಸ ಕಚೇರಿಯಲ್ಲಿ ಹಾಜರಾಗಬೇಕು. ಗೊತ್ತು ಮಾಡಿದ್ದ ಬಾಡಿಗೆ ಮನೆ ಊರಿನ ಇನ್ನೊಂದು ತುದಿಗೆ. ಸಾಮಾನು ಸಾಗಿಸುವ ಗುತ್ಯಪ್ಪ ಎಂಬ ಹಿರಿಯರನ್ನು ಯಾರೋ ತೋರಿಸಿದರು. ಅವರ ಗಾಡಿ ಅಲ್ಲೇ ಮರದ ಕೆಳಗೆ ನಿಂತಿತ್ತು, ಎತ್ತು ಮಾತ್ರ ಇರಲಿಲ್ಲ. ಕಟ್ಟಿಕೊಂಡು ಬನ್ನಿ ಎಂದೆ.

"ಇವತ್ತು ಸೋಮಾರ ಅಲ್ಲೇನ್ರೀ? ಎತ್ತಿಗೆ ನೊಗ ಇಡಾದಿಲ್ಲ."

ಸೋಮವಾರ ಬಸವಣ್ಣನ ವಾರ, ಅಂದು ಎತ್ತನ್ನು ದುಡಿಸುವುದಿಲ್ಲ ಎಂಬುದು ನನಗೇನೂ ಹೊಸದಲ್ಲ. ನಾನೂ ಹಳ್ಳಿಯಲ್ಲೇ ಬೆಳೆದವನು. ಆದರೆ ಕಚೇರಿಗೆ ಹೊತ್ತಾದಾಗ ಇಂಥದ್ದೆಲ್ಲ ಯಾರಿಗೆ ನೆನಪಿರುತ್ತದೆ? ಬಾಡಿಗೆ ಹೆಚ್ಚಿಗೆ ಕೊಡುತ್ತೇನೆ ಎಂದೆ, ಸರ್ಕಾರಿ ಕೆಲಸ ಎಂದೆ, ಬರೀ ಅರ್ಧ ಗಂಟೆಯ ದಾರಿ ಎಂದೆ. ಗುತ್ಯಪ್ಪ ಬಿತ್ತನೆಯ ಕಾಲದಲ್ಲೂ ತಮ್ಮ ಅಪ್ಪ ಸೋಮವಾರ ಹೂಡಿದವರಲ್ಲ ಎಂದು ಮೆಲ್ಲಗೆ ಹೇಳಿದರು. ಕೊನೆಗೆ ನಾನು ಬುದ್ಧಿವಂತನಂತೆ, ಇವತ್ತು ಸೋಮವಾರ ಎಂಬುದು ಎತ್ತಿಗೇನು ಗೊತ್ತಾಗುತ್ತದೆ ಎಂದು ಕೇಳಿದೆ.

"ಅವಕ್ಕೆ ಗೊತ್ತಾಗಾದಿಲ್ಲ ಸ್ವಾಮಿ. ನಮಗೆ ಗೊತ್ತೈತಲ್ಲ. ಅವು ಬಾಯಿ ಬಿಟ್ಟು ಕೇಳಾದಿಲ್ಲ, ನಾವೇ ನೆನಪಿಟ್ಕಂಡು ಬಿಡ್ಬೇಕು."

ಟ್ರಂಕಿನ ಮೇಲೆ ಕೂತಿದ್ದ ಶಾರದೆ ತಲೆಯೆತ್ತಿ ಅವರನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಗಡಿಯಾರ ನೋಡಿಕೊಂಡೆ.

ಗುತ್ಯಪ್ಪ ಕೈಬಿಡುವ ಮನುಷ್ಯರಲ್ಲ. ಸೋಮವಾರ ಇರುವುದು ಎತ್ತಿಗೆ, ನನಗಲ್ಲ; ನೀವೊಂದು ಕಡೆ ನೊಗ ಹಿಡಿದರೆ ನಾನೊಂದು ಕಡೆ ಹಿಡಿಯುತ್ತೇನೆ ಎಂದರು. ಬೇರೆ ದಾರಿ ಇರಲಿಲ್ಲ. ಹಾಜರಾಗಲೆಂದು ಇಸ್ತ್ರಿ ಮಾಡಿಸಿ ತೊಟ್ಟಿದ್ದ ಅಂಗಿಯ ತೋಳು ಮಡಿಚಿ, ವಾರಕ್ಕೆ ಐದೇ ದಿನ ದುಡಿಯುತ್ತೇನೆಂದು ಸರ್ಕಾರಕ್ಕೆ ಬರೆದುಕೊಂಡಿದ್ದ ನಾನು ಸೋಮವಾರ ಬೆಳಿಗ್ಗೆ ಎತ್ತಿನ ಜಾಗದಲ್ಲಿ ನಿಂತೆ. ಶಾರದೆ ಹಿಂದಿನಿಂದ ತಳ್ಳಲು ಕೈ ಹಚ್ಚಿದಳು. ನಾಲ್ಕು ಹೆಜ್ಜೆಗೆ ಗುತ್ಯಪ್ಪ ಗಾಡಿ ನಿಲ್ಲಿಸಿದರು. ಅಮ್ಮನವರು ಸೊಂಟ ಹಿಡಿದುಕೊಂಡು ನಡೆಯುತ್ತಿದ್ದಾರೆ, ತಳ್ಳುವುದು ಬೇಡ, ಮೇಲೆ ಹತ್ತಿ ಕೂತುಕೊಳ್ಳಲಿ ಎಂದರು. ಅವರು ಅವಳನ್ನು ಕಂಡು ಕಾಲು ಗಂಟೆ ಆಗಿರಲಿಲ್ಲ. ಅವಳು ಕುರ್ಚಿಯನ್ನು ಸರಿಮಾಡಿಕೊಂಡು ಅದರ ಮೇಲೆ ಕೂತಳು. ನನಗೆ ತಿಳಿದಂತೆ ಆ ಕುರ್ಚಿಯಲ್ಲಿ ಅವಳು ಕೂತದ್ದು ಅದೇ ಮೊದಲು.

ಎಳೆಯುತ್ತ ಹೋದಂತೆ ಒರಳಿನ ತೂಕ ನನಗೆ ಬೇರೆಯಾಗಿ ತಿಳಿಯಿತು. ಗಾಡಿ ಸ್ವಲ್ಪ ಏರು ಹತ್ತಿದಾಗಲೆಲ್ಲ ಅದು ಒಂದಿಷ್ಟು ಹಿಂದಕ್ಕೆ ಜಾರಿ ದಡಕ್ಕೆಂದು ಕೂರುತ್ತಿತ್ತು, ನನ್ನ ಬೆನ್ನಹುರಿ ಲಟಕ್ಕೆನ್ನುತ್ತಿತ್ತು. ಗುತ್ಯಪ್ಪನವರ ಕೊಟ್ಟಿಗೆ ದಾರಿಯ ಪಕ್ಕದಲ್ಲೇ ಇತ್ತು. ಎರಡೂ ಎತ್ತುಗಳು ಕಾಲು ಮಡಿಚಿ ಮಲಗಿ ಮೆಲುಕು ಹಾಕುತ್ತ ನಮ್ಮನ್ನು ನೋಡಿದವು. ಅವುಗಳ ಮುಖದಲ್ಲಿ ನಾನು ಅನುಕಂಪ ಹುಡುಕಿದೆ, ಇರಲಿಲ್ಲ. ಮುಂದೆ ಹೊಸ ಕಚೇರಿ ಬಂತು. ಜಗಲಿಯ ಮೇಲೆ ನಿಂತಿದ್ದ ಹೆಡ್ ಗುಮಾಸ್ತರು, ವರ್ಗವಾಗಿ ಬರುವವರು ನೀವೇ ಏನು ಎಂದು ಕೇಳಿದರು. ನೊಗ ಬಿಡದೆಯೇ ಹೌದೆಂದು ಕೊರಳು ಆಡಿಸಿದೆ. ಮನೆ ಮುಟ್ಟಿ, ಸಾಮಾನು ಇಳಿಸಿ, ಹನ್ನೊಂದೂಕಾಲಕ್ಕೆ ಬೆವರು ಒರೆಸಿಕೊಳ್ಳುತ್ತ ಹೋಗಿ ಸಹಿ ಮಾಡಿದೆ. ಅಂದಿನಿಂದ ಕಚೇರಿಯಲ್ಲಿ ನನಗೆ ‘ಗಾಡಿ ಗುಮಾಸ್ತರು’ ಎಂದೇ ಹೆಸರು.

ಸಂಜೆ ಮನೆಗೆ ಬಂದಾಗ ಒಲೆ ಹಚ್ಚಿರಲಿಲ್ಲ. ಶಾರದೆ ಹೊಸಿಲ ಹತ್ತಿರ ನೆಲದ ಮೇಲೆ ಕೂತಿದ್ದಳು. "ರೀ, ಎತ್ತಿಗೆ ಸೋಮವಾರ ಅಂತ ಒಂದಿದೆ. ನನಗೆ ಯಾವ ವಾರ?" ಎಂದಳು. ಸಿಟ್ಟಿನಿಂದೇನೂ ಕೇಳಲಿಲ್ಲ, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವಂತೆ ಕೇಳಿದಳು. ನೋಡೋಣ, ಆ ಬಗ್ಗೆ ವಿಚಾರ ಮಾಡೋಣ ಎಂದೆ. ಹೇಳಿದ ಮೇಲೆ ಈ ಮಾತನ್ನು ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. "ಪರಿಶೀಲನೆಯಲ್ಲಿದೆ ಅನ್ನಿ" ಎಂದು ಅವಳೇ ನೆನಪು ಮಾಡಿಕೊಟ್ಟು, ಒಲೆ ಹಚ್ಚಲು ಏಳಹೋದಳು. ಏಳಲಾಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಎರಡನೆಯ ಸಲಕ್ಕೆ ಎದ್ದಳು, ತುಟಿ ಕಚ್ಚಿಕೊಂಡಿದ್ದಳು. ಡಾಕ್ಟರು ‘ಮುಂದೆ’ ಎಂದಿದ್ದ ಕಾಲ ಬಂದೇಬಿಟ್ಟಿತ್ತು. ನನಗೆ ನಿಜವಾಗಿ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಇವಳ ನೋವನ್ನು ಎರಡನೆಯ ಹಾಳೆಯಲ್ಲಿ ಬರೆದು, ನನಗೆ ರಜಾ ಕೊಡಿ ಎಂದು ಕೇಳಿದ್ದೆನಲ್ಲ. ನಿನಗೂ ಸೋಮವಾರವೇ ಇರಲಿ ಎಂದೆ. ಅಂದಿನ ಒಲೆ ನಾನೇ ಹಚ್ಚಿದೆ, ಹಚ್ಚಿದ್ದಕ್ಕಿಂತ ಊದಿದ್ದೇ ಹೆಚ್ಚು.

ಅಲ್ಲಿಂದ ಮುಂದೆ ಸೋಮವಾರ ಅವಳು ಚಾಪೆಯ ಮೇಲೆ, ನಾನು ಒಲೆಯ ಮುಂದೆ. ಮೊದಮೊದಲು ಇದು ಸುಲಭವಾಗಲಿಲ್ಲ, ನನಗಿಂತ ಹೆಚ್ಚಾಗಿ ಅವಳಿಗೆ. ಮಲಗಿದಲ್ಲಿಂದಲೇ ಉಪ್ಪು ಎಲ್ಲಿದೆ, ಉರಿ ಎಷ್ಟಿರಬೇಕು ಎಂದು ಹೇಳುತ್ತಿದ್ದಳು. ಸುಮ್ಮನಿರು ಎಂದರೆ ಸುಮ್ಮನಿರುವುದು ಹೇಗೆಂದೇ ಗೊತ್ತಿಲ್ಲ ಎನ್ನುತ್ತಿದ್ದಳು. ನಾನು ಕಣ್ಣು ತಪ್ಪಿಸಿದರೆ ಎದ್ದು ಕಸಬರಿಗೆ ಹಿಡಿಯುತ್ತಿದ್ದಳು. ಬಿಡುವು ಕೊಟ್ಟುಬಿಟ್ಟರೆ ಆಯಿತು ಎಂದು ತಿಳಿದಿದ್ದೆ; ಅದನ್ನು ತೆಗೆದುಕೊಳ್ಳಲೂ ಅಭ್ಯಾಸ ಬೇಕು. ನನಗೂ ಒಂದು ಯೋಚನೆ ಬಂತು. ಒಬ್ಬರು ನೊಗ ಇಳಿಸಬೇಕಾದರೆ ಅದನ್ನು ಇನ್ನೊಬ್ಬರು ಹಿಡಿಯಬೇಕು, ಇಲ್ಲವೇ ಗಾಡಿ ಅಲ್ಲೇ ನಿಲ್ಲಬೇಕು. ನನ್ನ ಮೂರು ಹಾಳೆಗಳಲ್ಲಿ ಇದೊಂದು ವಿಷಯ ಬಿಟ್ಟುಹೋಗಿತ್ತು. ಸೊರಬದ ಗೆಳೆಯರು ನನ್ನ ಕೀರ್ತಿ ಕೇಳಿ ಹೊಸದೊಂದು ಮನವಿ ಬರೆದುಕೊಡಿ ಎಂದಾಗ ಬರೆಯುತ್ತೇನೆ ಎಂದಿದ್ದೇನೆ. ಐದು ದಿನದ ವಾರ ಬೇಕು ಎಂಬುದರಲ್ಲಿ ನನಗೆ ಈಗಲೂ ಸಂಶಯವಿಲ್ಲ. ಬರೆಯಲು ಬಿಡುವು ಸಿಕ್ಕಿಲ್ಲ, ಅಷ್ಟೇ.

ಮೊನ್ನೆ ಸೋಮವಾರ ಚಟ್ನಿಗೆಂದು ಒರಳಿನ ಮುಂದೆ ಕೂತಿದ್ದೆ. ಕಚೇರಿಗೆ ಹೊತ್ತಾಗಿತ್ತು, ಹಾಗಾಗಿ ಜೋರಾಗಿಯೇ ತಿರುಗಿಸುತ್ತಿದ್ದೆ. ಶಾರದೆ ಚಾಪೆಯ ಮೇಲೆ ಬೆನ್ನು ಚಾಚಿ, ಒಂದು ಕೈಯನ್ನು ಕಣ್ಣಿನ ಮೇಲಿಟ್ಟುಕೊಂಡು ಮಲಗಿದ್ದಳು. ನಿದ್ದೆ ಹತ್ತಿದೆ ಎಂದುಕೊಂಡೆ. ಕೈಯನ್ನು ಸರಿಸದೆಯೇ ಹೇಳಿದಳು:

"ರೀ, ಸ್ವಲ್ಪ ಮೆಲ್ಲಗೆ ರುಬ್ಬಿ."